ಹಜರತ್‌ಬಲ್: ಒಂದು ಕೂದಲು, ಅದರ ಕಾವಲು, ವಿಜಯಪುರದ ನಂಟು

2025ರ ಸೆಪ್ಟೆಂಬರ್ 5, ಶುಕ್ರವಾರ. ಅಂದೇ ಈದ್ ಮಿಲಾದ್. ಶ್ರೀನಗರದ ಹಜರತ್‌ಬಲ್‌ನಲ್ಲಿ ನವೀಕರಣ ಕಾಮಗಾರಿಯ ಉದ್ಘಾಟನಾ ಫಲಕದ ಮೇಲಿದ್ದ ರಾಷ್ಟ್ರಲಾಂಛನವನ್ನು ಗುಂಪೊಂದು ಕಲ್ಲಿನಿಂದ ಜಜ್ಜಿ ಹಾಕಿತು. ಪ್ರಾರ್ಥನೆಯ ಜಾಗದಲ್ಲಿ ಪ್ರಾಣಿಗಳ ಆಕೃತಿ ಇರಕೂಡದು ಎಂದು ಒಂದು ಕಡೆಯವರು, ರಾಷ್ಟ್ರಲಾಂಛನಕ್ಕೆ ಅವಮಾನವಾಯಿತು ಎಂದು ಇನ್ನೊಂದು ಕಡೆಯವರು ವಾದಕ್ಕಿಳಿದರು. ಪೊಲೀಸರು ಪ್ರಕರಣ ದಾಖಲಿಸಿಕೊಂಡರು. ಸುದ್ದಿ ಓದಿದ ಬಹಳ ಮಂದಿಗೆ ಹಜರತ್‌ಬಲ್ ಎಂಬ ಹೆಸರು ಕೇಳಿ ಗೊತ್ತು. ಅದು ಮಸೀದಿಯೋ ದರ್ಗಾವೋ, ಒಳಗಿರುವುದು ಏನು, ಅರವತ್ತು ವರ್ಷದ ಹಿಂದೆ ಅದೇ ಜಾಗದ ಹೆಸರಲ್ಲಿ ದೇಶವೇ ಯಾಕೆ ನಡುಗಿತ್ತು ಎಂಬುದು ಮಾತ್ರ ಅಸ್ಪಷ್ಟ. ಆ ಕಥೆಯ ಒಂದು ಕೊನೆ ನಮ್ಮ ವಿಜಯಪುರದಲ್ಲಿದೆ ಎನ್ನುವುದಂತೂ ಕರ್ನಾಟಕದಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಇಡೀ ಇತಿಹಾಸವನ್ನು ಅರ್ಥ ಮಾಡಿಕೊಳ್ಳಲು ಒಂದು ಎಳೆ ಹಿಡಿದುಕೊಂಡರೆ ಸಾಕು: ವಸ್ತು ಯಾರ ಕೈಯಲ್ಲಿದೆ, ಅದನ್ನು ಯಾರು ತೋರಿಸುತ್ತಾರೆ, ಇದು ಅದೇ ಎಂದು ಯಾರು ಗುರುತಿಸಬಲ್ಲರು. ನಾನೂರು ವರ್ಷದ ಜಗಳ, ಭಕ್ತಿ, ರಾಜಕೀಯ ಎಲ್ಲವೂ ಈ ಮೂರು ಪ್ರಶ್ನೆಗಳ ಸುತ್ತಲೇ ಸುತ್ತಿದೆ.

## ಒಳಗೆ ಇರುವುದೇನು?

ಗಾಜಿನ ಸಣ್ಣ ನಳಿಕೆಯೊಳಗೆ ಒಂದು ಕೂದಲು. ಅದು ಪ್ರವಾದಿ ಮುಹಮ್ಮದರ ಕೂದಲು ಎಂಬುದು ನಂಬಿಕೆ. ಕಾಶ್ಮೀರದಲ್ಲಿ ಅದನ್ನು ‘ಮೋಯೆ ಮುಖದ್ದಸ್’ ಎನ್ನುತ್ತಾರೆ, ಅಂದರೆ ಪವಿತ್ರ ಕೇಶ. ಪ್ರವಾದಿಯ ಇಂಥ ಕುರುಹುಗಳಿಗೆಲ್ಲ ಸೇರಿ ‘ಆಸಾರ್’ ಎಂಬ ಹೆಸರಿದೆ. ಕೂದಲು, ಮೇಲಂಗಿ, ಪಾದರಕ್ಷೆ, ಹೆಜ್ಜೆಯ ಗುರುತು ಎಲ್ಲ ಇದರಲ್ಲಿ ಬರುತ್ತವೆ. ಹಜರತ್‌ಬಲ್‌ಗೆ ‘ಆಸಾರ್‌-ಎ-ಶರೀಫ್’ ಎಂಬ ಹೆಸರೂ ಇರುವುದು ಇದರಿಂದಲೇ.

ಕೂದಲೇ ಯಾಕೆ? ಇದಕ್ಕೆ ಹದೀಸ್ ಸಂಗ್ರಹಗಳಲ್ಲಿ, ಅಂದರೆ ಪ್ರವಾದಿಯ ನಡೆನುಡಿಗಳ ದಾಖಲೆಗಳಲ್ಲಿ, ನೇರ ಆಧಾರವಿದೆ. ಕ್ರಿ.ಶ. 632ರಲ್ಲಿ ಪ್ರವಾದಿ ತಮ್ಮ ಕೊನೆಯ ಹಜ್ ಮಾಡಿದರು. ಹಜ್‌ನ ವಿಧಿಗಳಲ್ಲಿ ಮೆಕ್ಕಾ ಹತ್ತಿರದ ಮಿನಾದಲ್ಲಿ ಬಲಿ ಕೊಟ್ಟ ಮೇಲೆ ಗಂಡಸರು ತಲೆ ಬೋಳಿಸಿಕೊಳ್ಳುವುದೂ ಒಂದು. ಅಂದು ಪ್ರವಾದಿಯ ತಲೆಯಿಂದ ತೆಗೆದ ಕೂದಲನ್ನು ಅಬೂ ತಲ್ಹಾ ಎಂಬ ಅನುಯಾಯಿಯ ಮೂಲಕ ಜನರಿಗೆ ಹಂಚಲಾಯಿತು ಎಂದು ಸಹೀಹ್ ಮುಸ್ಲಿಮ್ ಸಂಗ್ರಹ ಹೇಳುತ್ತದೆ. ಪ್ರವಾದಿಯ ಪತ್ನಿ ಉಮ್ಮು ಸಲಮಾ ಬಳಿ ಅವರ ಕೆಲವು ಕೂದಲುಗಳಿದ್ದವು ಎಂಬ ವರದಿ ಬುಖಾರಿ ಸಂಗ್ರಹದಲ್ಲಿದೆ. ಹೀಗೆ ಹಂಚಿಹೋದ ಕೂದಲು ಮನೆತನದಿಂದ ಮನೆತನಕ್ಕೆ, ಊರಿಂದ ಊರಿಗೆ ಸಾಗಿತು. ಇವತ್ತು ಇಸ್ತಾಂಬುಲ್‌ನ ತೋಪ್ಕಾಪಿ ಅರಮನೆಯಲ್ಲಿ, ದೆಹಲಿಯ ಜಾಮಾ ಮಸೀದಿಯಲ್ಲಿ, ವಿಜಯಪುರದ ಆಸಾರ್ ಮಹಲಿನಲ್ಲಿ ಇಂಥವು ಇವೆ ಎನ್ನಲಾಗುತ್ತದೆ.

ಹೊರಗಿನವರು ಎಡವುವುದು ಇಲ್ಲೇ. ಇಸ್ಲಾಮಿನಲ್ಲಿ ಆರಾಧನೆ ಅಲ್ಲಾಹನಿಗೆ ಮಾತ್ರ ಸಲ್ಲುವಂಥದ್ದು. ಹಾಗಾಗಿ ಹಜರತ್‌ಬಲ್‌ಗೆ ಬರುವವರು ಕೂದಲಿಗೆ ಪೂಜೆ ಮಾಡುತ್ತಿಲ್ಲ. ಪ್ರವಾದಿಯ ದೇಹದ ನಂಟಿರುವ ವಸ್ತುವಿನ ಸಮ್ಮುಖದಲ್ಲಿ ನಿಂತು ದೇವರಲ್ಲಿ ಬೇಡಿಕೊಳ್ಳುವುದು, ಆ ಸಾಮೀಪ್ಯದಿಂದ ಬರಕತ್, ಅಂದರೆ ಶುಭ, ಸಿಗಲಿ ಎಂದು ಆಶಿಸುವುದು ಅವರ ಉದ್ದೇಶ. ಇದಕ್ಕೆ ‘ತಬರ್ರುಕ್’ ಎನ್ನುತ್ತಾರೆ. ಇದನ್ನು ಎಲ್ಲ ಮುಸ್ಲಿಮರೂ ಒಂದೇ ರೀತಿ ಒಪ್ಪುವುದಿಲ್ಲ. ಸೂಫಿ ಹಾದಿಯವರು, ಬರೇಲ್ವಿ ಪಂಥದವರು ಮನಸಾರೆ ಒಪ್ಪುತ್ತಾರೆ. ಅಹ್ಲೆ ಹದೀಸ್‌ನಂಥ ಪಂಥದವರು ಇಂಥ ವಸ್ತುಗಳ ಸುತ್ತ ಬೆಳೆಯುವ ಆಚರಣೆಗಳಿಗೆ ಆಕ್ಷೇಪ ಎತ್ತುತ್ತಾರೆ. ಈ ಕೂದಲು ಅವರದ್ದೇ ಎನ್ನಲು ಪುರಾವೆ ಏನು ಎಂದೂ ಕೇಳುತ್ತಾರೆ. ಕಾಶ್ಮೀರದ ಜನಸಾಮಾನ್ಯರ ಇಸ್ಲಾಂ ಮೊದಲಿಂದಲೂ ಸೂಫಿ ಬಣ್ಣದ್ದು.

ಪುರಾವೆಯ ಪ್ರಶ್ನೆಗೆ ಸಂಪ್ರದಾಯ ಕೊಡುವ ಉತ್ತರ ‘ಸನದ್’. ನಾವು ಸೈಟು ಕೊಳ್ಳುವಾಗ ಮೂಲಪತ್ರ ಕೇಳುತ್ತೇವಲ್ಲ, ಅದೇ ತರ್ಕ. ಇವರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಹೋಗಬೇಕು. ಕೊಂಡಿ ಗಟ್ಟಿಯಿದ್ದಷ್ಟೂ ನಂಬಿಕೆ ಗಟ್ಟಿ. ಒಂದು ಕೊಂಡಿ ಕಳಚಿದರೆ, ಅಂದರೆ ವಸ್ತು ಕೆಲವು ದಿನ ಯಾರ ಕೈಯಲ್ಲಿತ್ತು ಎಂಬುದೇ ಗೊತ್ತಾಗದಿದ್ದರೆ, ಎಲ್ಲವೂ ಅಲುಗಾಡುತ್ತದೆ. 1963ರಲ್ಲಿ ಆದದ್ದು ಇದೇ. ಅಲ್ಲಿಗೆ ಬರುವ ಮುನ್ನ ಕೊಂಡಿಗಳನ್ನು ನೋಡೋಣ.

## ಮದೀನಾದಿಂದ ಬಿಜಾಪುರಕ್ಕೆ, ಅಲ್ಲಿಂದ ಕಾಶ್ಮೀರಕ್ಕೆ

ಪರಂಪರೆಯಿಂದ ಬಂದಿರುವ ಕಥನ ಹೀಗಿದೆ. ಪ್ರವಾದಿಯ ವಂಶದವರೆನ್ನಲಾದ ಸೈಯದ್ ಅಬ್ದುಲ್ಲಾ ಮದೀನಾ ಬಿಟ್ಟು 1635ರಲ್ಲಿ ಬಿಜಾಪುರಕ್ಕೆ ಬಂದು ನೆಲೆಸಿದರು. ಬರುವಾಗ ಕೂದಲನ್ನೂ ತಂದರು. ಆಗ ಬಿಜಾಪುರವನ್ನು ಆಳುತ್ತಿದ್ದವನು ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಷಾ. ಅರಬ್ ನಾಡು, ಇರಾನ್‌ಗಳಿಂದ ವಿದ್ವಾಂಸರು, ಸೂಫಿಗಳು, ವ್ಯಾಪಾರಿಗಳು ಸಮುದ್ರ ದಾಟಿ ದಖ್ಖನ್ನಿನ ಆಸ್ಥಾನಗಳಿಗೆ ಬರುತ್ತಿದ್ದ ಕಾಲವದು. ಆದ್ದರಿಂದ ಮದೀನಾದ ಸೈಯದ್ ಒಬ್ಬರು ಬಿಜಾಪುರಕ್ಕೆ ಬಂದರು ಎಂಬುದರಲ್ಲಿ ಹುಬ್ಬೇರಿಸುವಂಥದ್ದೇನೂ ಇಲ್ಲ.

ಅಬ್ದುಲ್ಲಾ ತೀರಿಕೊಂಡ ಮೇಲೆ ಕೂದಲು ಮಗ ಸೈಯದ್ ಹಮೀದ್ ಕೈಗೆ ಬಂತು. 1686ರಲ್ಲಿ ಔರಂಗಜೇಬ್ ಬಿಜಾಪುರವನ್ನು ಗೆದ್ದ. ಆದಿಲ್ ಷಾಹಿ ಮನೆತನ ಮುಗಿಯಿತು, ಅದರ ಆಶ್ರಯದಲ್ಲಿದ್ದವರ ಆಸ್ತಿಪಾಸ್ತಿಗಳು ಹೋದವು. ಹಮೀದ್ ಕೂಡ ಜಹಗೀರು ಕಳೆದುಕೊಂಡು ಕಷ್ಟಕ್ಕೆ ಬಿದ್ದರು. ಆಗ ಅದನ್ನು ಖ್ವಾಜಾ ನೂರುದ್ದೀನ್ ಇಶಾಯಿ ಎಂಬ ಕಾಶ್ಮೀರಿ ವ್ಯಾಪಾರಿಗೆ ಒಪ್ಪಿಸಿದರು. ಮಾರಿದರು ಎಂದು ಕೆಲವರು, ಒಪ್ಪಿಸಿದರು ಎಂದು ಕೆಲವರು ಹೇಳುತ್ತಾರೆ. ಪವಿತ್ರ ವಸ್ತುವಿಗೆ ಬೆಲೆ ಕಟ್ಟಿದರು ಎನ್ನಲು ನಾಲಿಗೆ ಹಿಂಜರಿಯುವುದು ಸಹಜವೇ.

ಇಶಾಯಿ ಕಾಶ್ಮೀರಕ್ಕೆ ಹೊರಟರು. ಸುದ್ದಿ ಔರಂಗಜೇಬನ ಕಿವಿಗೆ ಬಿತ್ತು. ಲಾಹೋರಿನಲ್ಲಿ ಕೂದಲನ್ನು ವಶಪಡಿಸಿಕೊಂಡು ಅಜ್ಮೇರಿನ ಖ್ವಾಜಾ ಮೊಯಿನುದ್ದೀನ್ ಚಿಸ್ತಿ ದರ್ಗಾಕ್ಕೆ ಕಳಿಸಲಾಯಿತು. ಇಶಾಯಿ ಸೆರೆಯಾದರು, ಸೆರೆಯಲ್ಲೇ ತೀರಿಕೊಂಡರು. ಆಮೇಲೆ ಬಾದಶಹನ ಮನಸ್ಸು ಬದಲಾಯಿತು ಎಂದು ಕಥನ ಹೇಳುತ್ತದೆ. ಅವನ ಕನಸಿನಲ್ಲಿ ಪ್ರವಾದಿಯೇ ಬಂದು ಕೂದಲನ್ನು ಕಾಶ್ಮೀರಕ್ಕೆ ಕಳಿಸು ಎಂದರಂತೆ. ಅಂತೂ ಇಸ್ಲಾಮಿ ಪಂಚಾಂಗದ ಹಿಜರಿ 1111ರಲ್ಲಿ, ಅಂದರೆ 1699–1700ರ ಸುಮಾರಿಗೆ, ಕೂದಲು ಮತ್ತು ಇಶಾಯಿಯವರ ಪಾರ್ಥಿವ ಶರೀರ ಎರಡೂ ಶ್ರೀನಗರ ತಲುಪಿದವು.

ಇಲ್ಲಿಂದ ಕಾವಲಿನ ಹೊಣೆ ಇಶಾಯಿಯವರ ಮಗಳು ಇನಾಯತ್ ಬೇಗಂ ಅವರದಾಯಿತು. ಅವರ ಮದುವೆ ಬಾಂಡೆ ಮನೆತನಕ್ಕೆ ಆಗಿದ್ದರಿಂದ ಆ ಮನೆತನದವರೇ ಪೀಳಿಗೆಯಿಂದ ಪೀಳಿಗೆಗೆ ಕೂದಲನ್ನು ಕಾಯ್ದು, ಜನರಿಗೆ ತೋರಿಸುತ್ತ ಬಂದರು. ತೋರಿಸುವವರಿಗೆ ‘ನಿಶಾನ್‌ದೇಜ್’ ಎಂಬ ಹೆಸರಿದೆ. ಪೂರ್ತಿ ಗಂಡಸರ ಲೋಕದಂತೆ ಕಾಣುವ ಈ ಪರಂಪರೆಯ ಕಾಶ್ಮೀರದ ಮೊದಲ ಕೊಂಡಿ ಒಬ್ಬ ಹೆಣ್ಣುಮಗಳು.

## ಹಾಗಾದರೆ ವಿಜಯಪುರದಲ್ಲಿ ಇರುವುದು?

ಇದು ಬೇರೆ. ಕಾಶ್ಮೀರಕ್ಕೆ ಹೋದದ್ದು ಸೈಯದ್ ಅಬ್ದುಲ್ಲಾ ಮನೆತನದ ಬಳಿ ಇದ್ದದ್ದು. ಆದಿಲ್ ಷಾಹಿ ಅರಸರ ಬಳಿ ಪ್ರವಾದಿಯ ಗಡ್ಡದ ಎರಡು ಕೂದಲುಗಳಿದ್ದವೆಂದೂ ಅವು ಇಂದಿಗೂ ಆಸಾರ್ ಮಹಲಿನಲ್ಲಿವೆಯೆಂದೂ ವಿಜಯಪುರದ ನಂಬಿಕೆ. ಎರಡನ್ನೂ ಕಲಸಿ “ವಿಜಯಪುರದ ಕೂದಲೇ ಕಾಶ್ಮೀರಕ್ಕೆ ಹೋಯಿತು, ಇಲ್ಲೀಗ ಏನೂ ಇಲ್ಲ” ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ.

ಆಸಾರ್ ಮಹಲ್ ಅರೆಕಿಲ್ಲೆಯ, ಅಂದರೆ ಒಳಕೋಟೆಯ, ಪೂರ್ವಕ್ಕೆ, ಕಂದಕದ ಆಚೆ ಬದಿಯಲ್ಲಿದೆ. 1646ರ ಸುಮಾರಿಗೆ ಮುಹಮ್ಮದ್ ಆದಿಲ್ ಷಾ ಇದನ್ನು ಕಟ್ಟಿಸಿದ್ದು ನ್ಯಾಯ ಕೇಳುವ ಸಭಾಂಗಣವಾಗಿ. ಆಗ ಇದರ ಹೆಸರು ದಾದ್ ಮಹಲ್. ಪವಿತ್ರ ಕೇಶ ಇಲ್ಲಿಗೆ ಬಂದ ಮೇಲೆ ಆಸಾರ್ ಮಹಲ್ ಆಯಿತು. ಮುಂದೆ ಚೌಕಾಕಾರದ ಕೊಳ, ಅದರತ್ತ ಮುಖ ಮಾಡಿದ ಎತ್ತರದ ಪಡಸಾಲೆ, ಚಾವಣಿ ಹೊತ್ತ ನಾಲ್ಕು ಭಾರಿ ಮರದ ಕಂಬಗಳು. ವಿಜಯಪುರದ ಉಳಿದ ಸ್ಮಾರಕಗಳೆಲ್ಲ ಕಲ್ಲು, ಗಾರೆ, ಕಮಾನು. ಅವುಗಳ ನಡುವೆ ಈ ಮರದ ಕಂಬಗಳ ಮುಂದೆ ನಿಂತರೆ ಬೇರೆಯೇ ಊರಿಗೆ ಬಂದ ಹಾಗೆ ಅನ್ನಿಸುತ್ತದೆ. ಮೇಲಂತಸ್ತಿನ ಕೋಣೆಗಳ ಗೋಡೆಗಳಲ್ಲಿ ಹೂಕುಂಡ, ಬಳ್ಳಿ, ಮನುಷ್ಯರ ಚಿತ್ರಗಳಿದ್ದವು. ಈಗ ಮಾಸಿ, ಕೆರೆದುಹೋಗಿ ಅಲ್ಲಲ್ಲಿ ಉಳಿದಿವೆ. ಇಲ್ಲಿದ್ದ ಆದಿಲ್ ಷಾಹಿ ಗ್ರಂಥಭಂಡಾರದ ಅರಬ್ಬಿ, ಪಾರ್ಸಿ ಹಸ್ತಪ್ರತಿಗಳನ್ನು ಬ್ರಿಟಿಷರು 19ನೇ ಶತಮಾನದ ನಡುವಿನಲ್ಲಿ ಲಂಡನ್ನಿಗೆ ಸಾಗಿಸಿದರು. ಮಹಲಿನ ಹಳೆಯ ರತ್ನಗಂಬಳಿಗಳನ್ನು ನೋಡಬೇಕೆಂದರೆ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಕೇಶವಿರುವ ಕೋಣೆ ಮಾತ್ರ ವರ್ಷದಲ್ಲೊಮ್ಮೆ ಉರುಸಿನ ಹೊತ್ತಿಗಷ್ಟೇ ತೆರೆಯುತ್ತದೆ. ಉಳಿದ ದಿನ ಹೋದವರು ನೋಡಿ ಬರುವುದು ಕಟ್ಟಡವನ್ನು.

## ಮಸೀದಿಯೋ, ದರ್ಗಾವೋ?

ಸೂಫಿ ಸಂತರ ಗೋರಿ ಇರುವ ಜಾಗ ದರ್ಗಾ, ನಮಾಜಿನ ಜಾಗ ಮಸೀದಿ ಎಂಬುದು ನಮ್ಮ ಕಡೆಯ ತಿಳಿವಳಿಕೆ. ಕಲಬುರಗಿಯ ಬಂದೇನವಾಜ್ ದರ್ಗಾ ನೋಡಿದವರಿಗೆ ಅದೇ ಮಾದರಿ. ಹಜರತ್‌ಬಲ್‌ನಲ್ಲಿ ಸಂತರ ಗೋರಿಯನ್ನು ಕೇಂದ್ರವಾಗಿಟ್ಟುಕೊಂಡ ವಿನ್ಯಾಸವೇ ಇಲ್ಲ. ದಿನಕ್ಕೆ ಐದು ಹೊತ್ತು ನಮಾಜು, ಶುಕ್ರವಾರದ ಸಾಮೂಹಿಕ ನಮಾಜು ನಡೆಯುವ ಪೂರ್ಣ ಮಸೀದಿಯದು. ಕೇಶದ ಸನ್ನಿಧಿ ಇರುವುದರಿಂದ ಶ್ರೀನಗರದವರ ಬಾಯಲ್ಲಿ ‘ದರ್ಗಾ’. ಎರಡು ಹೆಸರೂ ಸರಿಯೇ.

ಜಾಗದ ಮೂಲ ಇನ್ನೂ ಸ್ವಾರಸ್ಯದ್ದು. 1623ರಲ್ಲಿ ಸಾದಿಕ್ ಖಾನ್ ಎಂಬ ಮೊಘಲ್ ಅಧಿಕಾರಿ ದಾಲ್ ಸರೋವರದ ದಂಡೆಯಲ್ಲಿ ತೋಟ ಮಾಡಿಸಿ, ಅದರೊಳಗೊಂದು ವಿಲಾಸಭವನ ಕಟ್ಟಿಸಿದ. ಹೆಸರು ಇಶ್ರತ್ ಮಹಲ್, ಎಂದರೆ ಸುಖದ ಮನೆ. 1634ರಲ್ಲಿ ಅಲ್ಲಿಗೆ ಬಂದ ಷಹಜಹಾನ್ ಅದನ್ನು ಪ್ರಾರ್ಥನಾ ಮಂದಿರವಾಗಿ ಮಾರ್ಪಡಿಸಲು ಹೇಳಿದ. ಕೇಶ ಕಾಶ್ಮೀರಕ್ಕೆ ಬಂದಾಗ ಮೊದಲು ಇಟ್ಟದ್ದು ಶ್ರೀನಗರದ ಹಳೆಯ ಊರಿನೊಳಗಿನ ನಕ್ಷಬಂದ್ ಸಾಹೇಬರ ಖಾನ್‌ಖಾದಲ್ಲಿ, ಅಂದರೆ ಸೂಫಿಗಳ ಮಠದಲ್ಲಿ. ನೋಡಲು ಬಂದ ಜನರಿಗೆ ಅಲ್ಲಿನ ಗಲ್ಲಿಗಳು ಸಾಲದಾದವು. ಆದ್ದರಿಂದ ಬಯಲಿದ್ದ, ದೋಣಿಯಲ್ಲೂ ಬರಬಹುದಾಗಿದ್ದ ಈ ಸರೋವರದ ದಂಡೆಗೆ ತಂದರು.

ಈಗ ಚಿತ್ರಗಳಲ್ಲಿ ಕಾಣುವ ಬಿಳಿ ಅಮೃತಶಿಲೆಯ ಕಟ್ಟಡ ಹಳೆಯದಲ್ಲ. ಕಾಶ್ಮೀರದ ರಾಜಕೀಯ ನಾಯಕ ಶೇಖ್ ಮುಹಮ್ಮದ್ ಅಬ್ದುಲ್ಲಾ ನೇತೃತ್ವದ ಮುಸ್ಲಿಂ ಔಕಾಫ್ ಟ್ರಸ್ಟ್ 1968ರಲ್ಲಿ ಶುರುಮಾಡಿ 1979ರಲ್ಲಿ ಮುಗಿಸಿದ ಕಟ್ಟಡ ಇದು. ಕಾಶ್ಮೀರದ ಹಳೆಯ ಮಸೀದಿಗಳಿಗೆ ಗುಮ್ಮಟವೇ ಇರುವುದಿಲ್ಲ. ದೇವದಾರು ಮರದ ಕಂಬ, ಒಂದರ ಮೇಲೊಂದು ಇಳಿಜಾರು ಚಾವಣಿ, ತುದಿಯಲ್ಲಿ ಚೂಪು ಶಿಖರ; ಝೇಲಂ ದಂಡೆಯ ಖಾನ್‌ಖಾ-ಎ-ಮೌಲಾ ಇದಕ್ಕೆ ಒಳ್ಳೆಯ ಮಾದರಿ. ಹಿಮ ಬೀಳುವ ನಾಡಿನಲ್ಲಿ ಇಳಿಜಾರು ಮಾಡೇ ಬಾಳಿಕೆ ಬರುವುದು, ಮರವೂ ಅಲ್ಲಿ ಧಾರಾಳ. ಹಜರತ್‌ಬಲ್‌ನ ಹಿಂದಿನ ಕಟ್ಟಡವೂ ಆ ಜಾತಿಯದೇ ಆಗಿತ್ತು. ಹೊಸದಕ್ಕೆ ಒಂದು ದೊಡ್ಡ ಗುಮ್ಮಟ, ಒಂದೇ ಒಂದು ಮಿನಾರು. ನಿಶಾತ್ ಬಾಗಿನ ಕಡೆಯಿಂದ, ಸರೋವರದ ಆಚೆ ದಡದಿಂದಲೂ ಇದು ಎದ್ದು ಕಾಣುತ್ತದೆ. ಕಾಶ್ಮೀರದ ಮರದ ಶೈಲಿ ಕೈಬಿಟ್ಟು ಹೋದದ್ದಕ್ಕೆ ಕೊರಗುವವರು ಈಗಲೂ ಇದ್ದಾರೆ, ಆ ಕೊರಗಿನಲ್ಲಿ ಹುರುಳಿಲ್ಲದಿಲ್ಲ.

ಪಕ್ಕದ ನಸೀಂ ಬಾಗ್ ಮೊಘಲರ ಕಾಲದ ಚಿನಾರ್ ತೋಪು. ಈಗ ಕಾಶ್ಮೀರ ವಿಶ್ವವಿದ್ಯಾಲಯದ ಆವರಣಕ್ಕೆ ಸೇರಿದೆ. 1982ರಲ್ಲಿ ತೀರಿಕೊಂಡ ಶೇಖ್ ಅಬ್ದುಲ್ಲಾ ಅವರ ಸಮಾಧಿ ಇರುವುದೂ ಹಜರತ್‌ಬಲ್ ಹತ್ತಿರವೇ.

## ದೀದಾರ್: ತೋರಿಸುವ ಕ್ರಮ

ಕೇಶವನ್ನು ಸಾರ್ವಜನಿಕರಿಗೆ ತೋರಿಸುವುದಕ್ಕೆ ‘ದೀದಾರ್’ ಎನ್ನುತ್ತಾರೆ. ವರ್ಷಪೂರ್ತಿ ಅದು ಒಳಕೋಣೆಯಲ್ಲಿ ಭದ್ರ. ತೆರೆದು ತೋರಿಸುವುದು ಗೊತ್ತಾದ ದಿನಗಳಲ್ಲಿ ಮಾತ್ರ: ಪ್ರವಾದಿಯ ಜನ್ಮದಿನವಾದ ಮಿಲಾದ್, ಅವರು ಸ್ವರ್ಗಾರೋಹಣ ಮಾಡಿದರೆಂದು ನಂಬುವ ಮೇರಾಜ್, ಆಮೇಲೆ ಪ್ರವಾದಿಯ ನಂತರ ಸಮುದಾಯವನ್ನು ಮುನ್ನಡೆಸಿದ ನಾಲ್ವರು ಖಲೀಫರ, ಅಂದರೆ ಅಬೂ ಬಕರ್, ಉಮರ್, ಉಸ್ಮಾನ್, ಅಲಿ ಇವರ ಸ್ಮರಣೆಯ ದಿನಗಳು. ದೊಡ್ಡ ಹಬ್ಬದ ಮುಂದಿನ ಶುಕ್ರವಾರವೂ ದೀದಾರ್ ಇರುತ್ತದೆ. ಮೊದಲ ದಿನದ ನೂಕುನುಗ್ಗಲಿಗೆ ಹೆದರುವ ಮುದುಕರು, ದೂರದ ಹಳ್ಳಿಯವರು ಆ ಶುಕ್ರವಾರಕ್ಕೆ ಕಾಯುತ್ತಾರೆ.

ಮಿಲಾದ್, ಮೇರಾಜ್‌ಗಳ ಹಿಂದಿನ ರಾತ್ರಿಯೆಲ್ಲ ಜನ ಅಲ್ಲೇ ಕೂತು ಪ್ರಾರ್ಥನೆ, ಕುರ್‌ಆನ್ ಪಠಣ, ಪ್ರವಾದಿಯ ಸ್ತುತಿಯಾದ ದರೂದ್ ಹೇಳುತ್ತಾರೆ. ಮರುದಿನ ನಮಾಜು ಮುಗಿದ ಕೂಡಲೇ ನಿಶಾನ್‌ದೇಜ್ ಮೇಲಿನ ಗ್ಯಾಲರಿಗೆ ಬಂದು ನಳಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಾರೆ. ಒಂದು ದಿಕ್ಕಿಗೆ ತೋರಿಸಿ, ನಿಧಾನಕ್ಕೆ ಇನ್ನೊಂದು ದಿಕ್ಕಿಗೆ ತಿರುಗುತ್ತಾರೆ. ಕೆಳಗೆ ಅಂಗಳದಲ್ಲಿ, ಹುಲ್ಲುಹಾಸಿನಲ್ಲಿ, ಸರೋವರದ ಮೆಟ್ಟಿಲವರೆಗೆ ನಿಂತ ಜನ ಕೈ ಮೇಲೆತ್ತುತ್ತಾರೆ. ಹೆಂಗಸರು ತಲೆವಸ್ತ್ರದ ಸೆರಗನ್ನೇ ಎರಡೂ ಕೈಯಲ್ಲಿ ಚಾಚಿ ಹಿಡಿಯುತ್ತಾರೆ. ಅಷ್ಟು ದೂರದಿಂದ ಕೂದಲು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣುವುದು ಎತ್ತಿದ ಕೈಗಳು, ಹೆಚ್ಚೆಂದರೆ ಗಾಜಿನ ಮಿನುಗು. ಆದರೂ ಅಳುವವರೇ ಹೆಚ್ಚು. ಒಂದೇ ದಿನದಲ್ಲಿ ಹೀಗೆ ಪ್ರತಿ ಹೊತ್ತಿನ ನಮಾಜಿನ ಬಳಿಕವೂ ತೋರಿಸುತ್ತಾರೆ.

ಇಲ್ಲೊಂದು ಅಂಶವನ್ನು ಮನಸ್ಸಿನಲ್ಲಿಡಿ. ಸಾವಿರಾರು ಜನ ನೋಡುವುದು ದೂರದಿಂದ. ಹತ್ತಿರದಿಂದ ಕಂಡು, ಅದರ ಬಣ್ಣ, ಬಾಗು, ನಳಿಕೆಯೊಳಗೆ ಅದು ಕೂತಿರುವ ಬಗೆ ಬಲ್ಲವರು ಬೆರಳೆಣಿಕೆಯ ಜನ. ಮುಂದಿನ ಘಟನೆಯ ಗಂಟು ಇರುವುದು ಅಲ್ಲೇ.

## 1963ರ ಡಿಸೆಂಬರ್ 27

ಆ ದಿನ ನಸುಕಿನ ಹೊತ್ತಿಗೆ ಕೇಶ ಜಾಗದಲ್ಲಿಲ್ಲ ಎಂಬುದು ಬಯಲಾಯಿತು. ಸುದ್ದಿ ಬೆಳಗಾಗುವುದರೊಳಗೆ ಊರೆಲ್ಲ ಹಬ್ಬಿತು. ಕಣಿವೆಯ ಕಡು ಚಳಿಗಾಲ. ಜನ ಕಪ್ಪು ಬಾವುಟ ಹಿಡಿದು ಬೀದಿಗಿಳಿದರು, ಅಂಗಡಿ ಮುಚ್ಚಿದವು, ಆಡಳಿತ ನಿಂತೇಹೋಯಿತು. ಮೆರವಣಿಗೆಗಳಲ್ಲಿ ಹಿಂದೂಗಳೂ ಸಿಖ್ಖರೂ ಇದ್ದರು.

ರಾಜಕೀಯದ ಹಿನ್ನೆಲೆ ಗೊತ್ತಿದ್ದರೆ ಕೋಪದ ತೀವ್ರತೆ ಅರ್ಥವಾಗುತ್ತದೆ. ಆಗ ಜಮ್ಮು–ಕಾಶ್ಮೀರದ ಸರ್ಕಾರದ ಮುಖ್ಯಸ್ಥರಿಗೆ ‘ಪ್ರಧಾನಮಂತ್ರಿ’ ಎಂಬ ಪದನಾಮವಿತ್ತು. ಶೇಖ್ ಅಬ್ದುಲ್ಲಾ 1953ರಲ್ಲಿ ಆ ಸ್ಥಾನ ಕಳೆದುಕೊಂಡು ಸೆರೆಯಲ್ಲಿದ್ದರು. ಹತ್ತು ವರ್ಷ ಆಳಿದ ಬಕ್ಷಿ ಗುಲಾಂ ಮುಹಮ್ಮದ್, ಹಿರಿಯ ನಾಯಕರು ಅಧಿಕಾರ ಬಿಟ್ಟು ಪಕ್ಷದ ಕೆಲಸಕ್ಕೆ ಮರಳಬೇಕೆಂಬ ಕಾಮರಾಜ್ ಯೋಜನೆಯ ಹೆಸರಲ್ಲಿ 1963ರಲ್ಲಷ್ಟೇ ಇಳಿದಿದ್ದರು. ಅವರ ಆಪ್ತ ಖ್ವಾಜಾ ಶಂಸುದ್ದೀನ್ ಕುರ್ಚಿಯಲ್ಲಿದ್ದರು. ಜನಕ್ಕೆ ಸರ್ಕಾರದ ಮೇಲೆ ಮೊದಲೇ ವಿಶ್ವಾಸವಿರಲಿಲ್ಲ. ಸುಳಿವು ಕೊಟ್ಟವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಎಂದು ಶಂಸುದ್ದೀನ್ ಘೋಷಿಸಿದರೂ ಸಿಟ್ಟು ಇಳಿಯಲಿಲ್ಲ. ಮೌಲಾನಾ ಮಸೂದಿ, ಮೀರ್‌ವಾಯಿಜ್ (ಮುಖ್ಯ ಧರ್ಮಬೋಧಕ) ಮುಹಮ್ಮದ್ ಫಾರೂಕ್ ಮುಂತಾದವರು ಕ್ರಿಯಾ ಸಮಿತಿ ಕಟ್ಟಿದರು. ಬೀದಿಯಲ್ಲಿ ಸರ್ಕಾರದ ಮಾತಿಗಿಂತ ಸಮಿತಿಯ ಮಾತು ನಡೆಯತೊಡಗಿತು.

ನೆಹರೂ ಗುಪ್ತಚರ ದಳದ ಮುಖ್ಯಸ್ಥ ಬಿ.ಎನ್. ಮಲ್ಲಿಕ್ ಅವರನ್ನು ಶ್ರೀನಗರಕ್ಕೆ ಕಳಿಸಿದರು. 1964ರ ಜನವರಿ 4ರಂದು ಕೇಶ ಸಿಕ್ಕಿದೆ ಎಂಬ ಘೋಷಣೆ ಬಂತು. ಹೇಗೆ ಸಿಕ್ಕಿತು, ಯಾರು ತಂದಿಟ್ಟರು ಎಂಬುದನ್ನು ಸರ್ಕಾರ ಬಿಚ್ಚಿ ಹೇಳಲಿಲ್ಲ. ಮೂವರನ್ನು ಬಂಧಿಸಲಾಗಿದೆ ಎಂದು ಗೃಹಸಚಿವ ಗುಲ್ಜಾರಿಲಾಲ್ ನಂದಾ ಫೆಬ್ರವರಿಯಲ್ಲಿ ಸಂಸತ್ತಿಗೆ ತಿಳಿಸಿದರೂ ಹಿಂದಿದ್ದವರು ಯಾರು ಎಂಬುದು ಇವತ್ತಿಗೂ ಊಹೆಗಳ ವಿಷಯವೇ.

ಈ ನಡುವೆ ಬೆಂಕಿ ಎರಡು ಸಾವಿರ ಕಿಲೋಮೀಟರ್ ಆಚೆ ಹೊತ್ತಿಕೊಂಡಿತ್ತು. ಪೂರ್ವ ಪಾಕಿಸ್ತಾನದ ಖುಲ್ನಾದಲ್ಲಿ ಹಿಂದೂಗಳ ಮೇಲೆ ದಾಳಿ, ಅದಕ್ಕೆ ಪ್ರತಿಯಾಗಿ ಕಲ್ಕತ್ತದಲ್ಲಿ ಮುಸ್ಲಿಮರ ಮೇಲೆ ದಾಳಿ, ಮತ್ತೆ ಢಾಕಾದಲ್ಲಿ ಗಲಭೆ. ಅಪಾರ ಸಂಖ್ಯೆಯ ನಿರಾಶ್ರಿತರು ಗಡಿ ದಾಟಿದರು. ಕಾಶ್ಮೀರದಲ್ಲಿ ಮಾತ್ರ ಕೋಪ ಸರ್ಕಾರದ ಕಡೆಗಿತ್ತು, ನೆರೆಯವರ ಕಡೆಗೆ ತಿರುಗಲಿಲ್ಲ.

## ಸಿಕ್ಕಿದ ಮೇಲೂ ಗಲಾಟೆ ಯಾಕೆ ನಿಲ್ಲಲಿಲ್ಲ?

ಎಷ್ಟೋ ಬರಹಗಳು ಜನವರಿ 4ಕ್ಕೇ ಕಥೆ ಮುಗಿಸಿಬಿಡುತ್ತವೆ. ಅಸಲಿ ಬಿಕ್ಕಟ್ಟು ಶುರುವಾದದ್ದು ಅಲ್ಲಿಂದಲೇ. ಎಂಟು ದಿನ ಕೇಶ ಯಾರ ಕೈಯಲ್ಲಿತ್ತೋ ಗೊತ್ತಿಲ್ಲ. ಸನದ್‌ನ ಕೊಂಡಿ ಕಳಚಿದೆ. ಈಗ ಪೊಲೀಸರು ತಂದಿಟ್ಟದ್ದು ಅದೇ ಕೂದಲು ಎಂದು ನಂಬುವುದು ಹೇಗೆ? ಸರ್ಕಾರ ಹೇಳಿದರೆ ಸಾಕೇ?

ವೈಜ್ಞಾನಿಕ ಪರೀಕ್ಷೆಯ ಮಾತು ಇವತ್ತಿನವರಿಗೆ ತಟ್ಟನೆ ಹೊಳೆಯುತ್ತದೆ. ಡಿಎನ್‌ಎ ಗುರುತಿಸುವ ವಿಧಾನ ಬಂದದ್ದು 1980ರ ದಶಕದಲ್ಲಿ. ಇದ್ದಿದ್ದರೂ ಹೋಲಿಸಿ ನೋಡಲು ಕಳುವಿಗೆ ಮೊದಲೇ ತೆಗೆದಿಟ್ಟ ಮಾದರಿ ಬೇಕು. ಪವಿತ್ರ ಕೇಶದ ತುಣುಕು ಕತ್ತರಿಸಿ ಪ್ರಯೋಗಾಲಯದಲ್ಲಿ ಯಾರು ಇಟ್ಟಿರುತ್ತಾರೆ? ಹಾಗಾಗಿ ಉಳಿದದ್ದು ಒಂದೇ ದಾರಿ: ಕಳುವಿಗೆ ಮುಂಚೆ ಹತ್ತಿರದಿಂದ ಕಂಡಿದ್ದವರ ಕಣ್ಣು. ಅವರು ಜನ ನಂಬುವಂಥವರೂ ಆಗಿರಬೇಕು.

ವಿಶೇಷ ದೀದಾರ್ ಏರ್ಪಡಿಸಿ, ಧರ್ಮಗುರುಗಳಿಂದ ಗುರುತಿಸಿ ಎಂದು ಕ್ರಿಯಾ ಸಮಿತಿ ಪಟ್ಟು ಹಿಡಿಯಿತು. ಅಧಿಕಾರಿಗಳು ಹಿಂದೆಗೆದರು. ಅವರ ಭಯಕ್ಕೂ ಕಾರಣವಿತ್ತು. ಎಲ್ಲರ ಮುಂದೆ ಯಾರಾದರೂ ಒಬ್ಬರು “ಇದು ಅದಲ್ಲ” ಎಂದುಬಿಟ್ಟರೆ ಏನು ಮಾಡುವುದು? ಆ ಮಾತನ್ನು ಹಿಂದಕ್ಕೆ ತರುವಂತಿಲ್ಲ. ಆದರೆ ತೋರಿಸದೆ ಕಳೆದ ಒಂದೊಂದು ದಿನವೂ ಅನುಮಾನವನ್ನೇ ಬೆಳೆಸಿತು. ಜನವರಿ ಕೊನೆಯ ಹೊತ್ತಿಗೆ ನೆಹರೂ ಆರೋಗ್ಯ ಕೆಟ್ಟಿತ್ತು. ಭುವನೇಶ್ವರದಲ್ಲಿ ಪಾರ್ಶ್ವವಾಯು ಬಡಿದಿತ್ತು. ಅವರು ಖಾತೆಯಿಲ್ಲದ ಸಚಿವರಾಗಿ ಮರಳಿ ಸಂಪುಟ ಸೇರಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರನ್ನು ಶ್ರೀನಗರಕ್ಕೆ ಕಳಿಸಿದರು. ದೀದಾರ್ ಮಾಡಿಸಿಯೇಬಿಡೋಣ ಎಂದು ಶಾಸ್ತ್ರಿ ನಿರ್ಧರಿಸಿದರು.

1964ರ ಫೆಬ್ರವರಿ 3. ಹಜರತ್‌ಬಲ್‌ನಲ್ಲಿ ಧರ್ಮಗುರುಗಳು ಸೇರಿದರು. ಅವರಲ್ಲಿ ಎಲ್ಲರೂ ಎದುರುನೋಡಿದ್ದು ಫಕೀರ್ ಮೀರಕ್ ಷಾ ಕಾಶಾನಿಯವರ ಮಾತಿಗೆ. ರಾಜಕೀಯದಿಂದ ದೂರವಿದ್ದ, ಯಾವ ಬಣಕ್ಕೂ ಸೇರದ ಸಂತ ಎಂಬ ಗೌರವ ಅವರಿಗಿತ್ತು. ಅವರು ನೋಡಿ, ಇದು ಅದೇ ಎಂದರು. ಅಷ್ಟರಿಂದಲೇ ವಾರಗಟ್ಟಲೆಯ ಬಿಗುವು ಸಡಿಲವಾಯಿತು. ಕೆಲವೇ ದಿನಗಳಲ್ಲಿ ಸಾರ್ವಜನಿಕರಿಗೂ ದೀದಾರ್ ಆಯಿತು. ಫೆಬ್ರವರಿ ಕೊನೆಗೆ ಶಂಸುದ್ದೀನ್ ಜಾಗಕ್ಕೆ ಜಿ.ಎಂ. ಸಾದಿಕ್ ಬಂದರು, ಏಪ್ರಿಲ್‌ನಲ್ಲಿ ಶೇಖ್ ಅಬ್ದುಲ್ಲಾ ಬಿಡುಗಡೆಯಾದರು.

## ಆಮೇಲಿನ ವರ್ಷಗಳು

1993ರ ಅಕ್ಟೋಬರ್‌ನಲ್ಲಿ ಶಸ್ತ್ರಧಾರಿ ಉಗ್ರರು ಒಳಗೆ ಸೇರಿಕೊಂಡಿದ್ದಾರೆಂದು ಸೈನ್ಯ ಮಸೀದಿಯನ್ನು ಸುತ್ತುವರಿಯಿತು. ಕೇಶದ ಕೋಣೆಯ ಬೀಗಗಳಿಗೆ ಕೈ ಹಾಕಲಾಗಿದೆ ಎಂಬ ವರದಿಯೇ ಆ ಕಾರ್ಯಾಚರಣೆಗೆ ಕಿಡಿಯಾಗಿತ್ತು. ಅಮೃತಸರದ ಸ್ವರ್ಣಮಂದಿರದೊಳಗೆ 1984ರಲ್ಲಿ ಸೈನ್ಯ ನುಗ್ಗಿದಾಗ ಆದದ್ದು ಕಣ್ಣಮುಂದಿದ್ದ ಕಾರಣ ಒಳನುಗ್ಗುವ ಗೋಜಿಗೆ ಹೋಗಲಿಲ್ಲ. ಒಂದು ತಿಂಗಳ ಮಾತುಕತೆಯ ಬಳಿಕ ಒಳಗಿದ್ದವರು ಹೊರಬಂದರು. ಕಟ್ಟಡಕ್ಕೂ ಕೇಶಕ್ಕೂ ಏನೂ ಆಗಲಿಲ್ಲ. 1996ರ ಮಾರ್ಚ್‌ನಲ್ಲಿ ಮತ್ತೊಮ್ಮೆ ಇಲ್ಲಿ ಗುಂಡಿನ ಚಕಮಕಿ ನಡೆಯಿತು.

ಈಗ ಆಡಳಿತ ಜಮ್ಮು–ಕಾಶ್ಮೀರ ವಕ್ಫ್ ಮಂಡಳಿಯದು. ವಕ್ಫ್ ಎಂದರೆ ಧಾರ್ಮಿಕ ಉದ್ದೇಶಕ್ಕೆ ಶಾಶ್ವತವಾಗಿ ಬಿಟ್ಟುಕೊಟ್ಟ ಆಸ್ತಿ. ಕಟ್ಟಡ, ಹುಂಡಿ, ದುರಸ್ತಿ, ಸಿಬ್ಬಂದಿ ಎಲ್ಲ ಮಂಡಳಿ ನೋಡಿಕೊಳ್ಳುತ್ತದೆ. ಮಂಡಳಿ ಮಾಡಿಸಿದ ನವೀಕರಣದ ಫಲಕವೇ 2025ರಲ್ಲಿ ಸುದ್ದಿಯಾದದ್ದು.

## ಹೋಗಿ ನೋಡುವವರಿಗೆ

ಲಾಲ್ ಚೌಕದಿಂದ ಹಜರತ್‌ಬಲ್‌ಗೆ ಹತ್ತು ಕಿಲೋಮೀಟರಿನೊಳಗೆ. ಆಟೋದವರಿಗೆ ‘ದರ್ಗಾ’ ಎಂದರೆ ಸಾಕು. ಬೇರೆ ಧರ್ಮದವರಿಗೂ ಪ್ರವೇಶವಿದೆ. ಚಪ್ಪಲಿ ಹೊರಗೆ ಬಿಡಬೇಕು, ತಲೆಗೆ ಬಟ್ಟೆ ಬೇಕು, ತೋಳು–ಕಾಲು ಮುಚ್ಚುವ ಉಡುಪು ಇರಬೇಕು. ಹೆಂಗಸರಿಗೆ ಪ್ರತ್ಯೇಕ ಭಾಗವಿದೆ, ಮುಖ್ಯ ಸಭಾಂಗಣದೊಳಗೆ ಎಲ್ಲೆಂದರಲ್ಲಿ ಹೋಗುವಂತಿಲ್ಲ. ಬರೀ ಕಟ್ಟಡ ನೋಡಬೇಕು ಎನ್ನುವವರು ಶುಕ್ರವಾರ ಮಧ್ಯಾಹ್ನ ತಪ್ಪಿಸುವುದು ಒಳ್ಳೆಯದು. ಆ ಹೊತ್ತಿಗೆ ರಸ್ತೆಯೇ ಕಟ್ಟಿಹೋಗಿರುತ್ತದೆ.

ಪ್ರವಾಸಿಗರು ಸಾಮಾನ್ಯವಾಗಿ ಮಾಡುವ ತಪ್ಪು, ಯಾವತ್ತು ಹೋದರೂ ಕೇಶ ಕಾಣುತ್ತದೆ ಎಂದುಕೊಳ್ಳುವುದು. ಇನ್ನೊಂದು, ಹೋದ ವರ್ಷದ ತಾರೀಖು ನೋಡಿ ಟಿಕೆಟ್ ತೆಗೆಸುವುದು. ಚಂದ್ರನನ್ನು ಆಧರಿಸಿದ ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಆದ್ದರಿಂದ ಹಬ್ಬಗಳು ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಹತ್ತು–ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. ಮಿಲಾದ್ ರಬೀವುಲ್ ಅವ್ವಲ್ ತಿಂಗಳ 12ಕ್ಕೆ, ಮೇರಾಜ್ ರಜಬ್ ತಿಂಗಳ 27ಕ್ಕೆ. 2025ರಲ್ಲಿ ಸೆಪ್ಟೆಂಬರ್ 5ಕ್ಕಿದ್ದ ಮಿಲಾದ್ 2026ರಲ್ಲಿ ಆಗಸ್ಟ್ ಕೊನೆಯ ವಾರಕ್ಕೆ ಬರುತ್ತದೆ. ಚಂದ್ರದರ್ಶನದ ಮೇಲೆ ಒಂದು ದಿನ ಹೆಚ್ಚುಕಡಿಮೆಯಾಗಬಹುದು, ಹಾಗಾಗಿ ಹಿಂದೆ ಮುಂದೆ ಒಂದೆರಡು ದಿನ ಕೈಯಲ್ಲಿಟ್ಟುಕೊಂಡು ಹೊರಡಬೇಕು. ಮೇರಾಜ್ ಈಚಿನ ವರ್ಷಗಳಲ್ಲಿ ಜನವರಿಯ ಕೊರೆಯುವ ಚಳಿಗೆ ಬೀಳುತ್ತಿದೆ. ಅಲ್ಲಿನವರು ಫೆರನ್ ಎಂಬ ಉಣ್ಣೆಯ ನಿಲುವಂಗಿಯೊಳಗೆ ಕಾಂಗ್ಡಿ, ಅಂದರೆ ಕೆಂಡದ ಪುಟ್ಟ ಬುಟ್ಟಿ, ಇಟ್ಟುಕೊಂಡು ಬಯಲಲ್ಲಿ ಕೂತಿರುತ್ತಾರೆ. ಬೆಂಗಳೂರಿನ ಸ್ವೆಟರ್ ನಂಬಿಕೊಂಡು ರಾತ್ರಿ ಅಲ್ಲಿ ಕೂರುವ ಸಾಹಸ ಬೇಡ.

ಹೊರಗಿನ ಬೀದಿಯಲ್ಲಿ ಹಬ್ಬದ ದಿನ ತಟ್ಟೆಗಿಂತ ಅಗಲದ ಮೈದಾ ಪರಾಠ, ಅದರ ಮೇಲೆ ರವೆಯ ಹಲ್ವಾ ಮಾರುತ್ತಾರೆ. ಜೊತೆಗೆ ನದ್ರು ಮೊಂಜಿ ಸಿಗುತ್ತದೆ. ಹಿಟ್ಟಿನಲ್ಲಿ ಅದ್ದಿ ಕರಿದ ತಾವರೆದಂಟಿನ ಪಕೋಡ ಅದು.